ಮಾಯೆ ಯಾಕೆ ಅಳುತ್ತಾಳೆ? ಸಾಣಾಪುರದ ಟಿಪ್ಪಣಿಗಳು

ಒಂದು ಬದುಕು, ಎರಡು ಕತೆ

ತುಂಗಭದ್ರೆಯ ಆಚೆ ದಂಡೆಗೆ ಹಂಪಿ, ಈಚೆ ದಂಡೆಗೆ ಆನೆಗುಂದಿ ಮತ್ತು ಸಾಣಾಪುರ. ಆಚೆ ದಂಡೆಯ ವಿರೂಪಾಕ್ಷನ ನೆರಳಲ್ಲಿ ಬೆಳೆದ ಕಾವ್ಯಗಳಲ್ಲಿ ಎರಡು ಒಬ್ಬನೇ ಮನುಷ್ಯನ ಕುರಿತಾಗಿವೆ. ಮೊದಲನೆಯದು ಹಂಪೆಯ ಹರಿಹರ ಬರೆದ ಪ್ರಭುದೇವರ ರಗಳೆ. ಎರಡನೆಯದು ಅದಾಗಿ ಎರಡು ಶತಮಾನಗಳ ಮೇಲೆ, ವಿಜಯನಗರವನ್ನು ಪ್ರೌಢದೇವರಾಯ ಆಳುತ್ತಿದ್ದ ಕಾಲದಲ್ಲಿ, ಚಾಮರಸ ಬರೆದ ಪ್ರಭುಲಿಂಗಲೀಲೆ. ಭಾಮಿನಿ ಷಟ್ಪದಿ, 25 ಗತಿ, 1111 ಪದ್ಯ. ಎರಡರ ನಾಯಕನೂ ಅಲ್ಲಮಪ್ರಭು. ಆದರೆ ಎರಡನ್ನೂ ಓದಿ ಮುಗಿಸಿದ ಮೇಲೆ ನನ್ನ ಎದುರಿಗೆ ಇಬ್ಬರು ಬೇರೆ ಬೇರೆ ಅಲ್ಲಮರು ನಿಲ್ಲುತ್ತಾರೆ. ಒಬ್ಬ ಅತ್ತವನು. ಇನ್ನೊಬ್ಬ ಯಾರ ಅಳುವೂ ಮುಟ್ಟದವನು.

ಸಾಣಾಪುರದಲ್ಲಿ ಇರುವಷ್ಟು ಕಾಲ ಈ ಎರಡನ್ನೂ ಜೊತೆಗಿಟ್ಟುಕೊಂಡು ಓದುತ್ತಿದ್ದೇನೆ. ಒಬ್ಬನ ಬದುಕನ್ನು ನಡೆದ ಹಾಗೆ ಹೇಳುವ ಕತೆಯಲ್ಲಿ ಅಧ್ಯಾತ್ಮದ ಸತ್ಯ ಹೆಚ್ಚೋ, ಪಾತ್ರಗಳಿಗೆಲ್ಲ ಒಂದೊಂದು ತತ್ವದ ಹೆಸರಿಟ್ಟು ಕಟ್ಟಿದ ಕತೆಯಲ್ಲಿ ಹೆಚ್ಚೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಸಿಕ್ಕ ಸುಳಿವುಗಳನ್ನು ಇಲ್ಲಿ ಬರೆದಿಡುತ್ತೇನೆ.

ಹರಿಹರ ಹೇಳಿದ್ದು

ಹರಿಹರನ ಅಲ್ಲಮ ಬಳ್ಳಿಗಾವೆಯ ಹುಡುಗ, ಮದ್ದಳೆ ಬಾರಿಸುವುದರಲ್ಲಿ ನಿಪುಣ. ಕಮಲತೆ ಎಂಬುವಳನ್ನು ಒಲಿದು ಕೈಹಿಡಿಯುತ್ತಾನೆ. ಇಬ್ಬರಿಗೂ ಲೋಕದ ಪರಿವೆ ಇಲ್ಲ. ಅಂಥ ಹೊತ್ತಿನಲ್ಲೇ ಅವಳಿಗೆ ಜ್ವರ ಬರುತ್ತದೆ, ತೀರಿಕೊಳ್ಳುತ್ತಾಳೆ. ಅಲ್ಲಮ ಮರುಳನಾಗಿ ಅಲೆಯುತ್ತಾನೆ. ಒಂದು ತೋಟದಲ್ಲಿ ಕೂತು ಗೊತ್ತುಗುರಿಯಿಲ್ಲದೆ ಕಾಲ್ಬೆರಳಿನಿಂದ ನೆಲ ಕೆದರುವಾಗ ಮಣ್ಣಿನೊಳಗೆ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಅಡಿಯಲ್ಲಿ ಪೂರ್ತಿ ಗುಡಿ. ಗುಡಿಯೊಳಗೆ ಅನಿಮಿಷಯ್ಯ, ಅಂಗೈಯಲ್ಲಿ ಲಿಂಗ, ರೆಪ್ಪೆ ಮುಚ್ಚದ ನೋಟ. ಆ ಲಿಂಗ ಅಲ್ಲಮನ ಅಂಗೈಗೆ ಬರುತ್ತದೆ. ಕೊಟ್ಟವನ ಉಸಿರು ನಿಂತಿರುತ್ತದೆ.

ಹರಿಹರ ಇಲ್ಲಿ ಯಾವುದಕ್ಕೂ ಅರ್ಥ ಹೇಳಲು ಹೋಗುವುದಿಲ್ಲ. ಕಮಲತೆ ಬರೀ ಒಬ್ಬ ಹುಡುಗಿ, ಜ್ವರ ಬರೀ ಜ್ವರ. ಆದರೂ ಕನ್ನಡದಲ್ಲಿ ನಾನು ಓದಿದ ಕತೆಗಳಲ್ಲಿ ಇಷ್ಟು ಆಳದ ಸಂಕೇತ ಇನ್ನೊಂದಿಲ್ಲ. ಗುಡಿಯನ್ನು ಹುಡುಕಿಕೊಂಡು ಹೋದವನಿಗೆ ಅದು ಸಿಗಲಿಲ್ಲ. ಏನನ್ನೂ ಹುಡುಕದೆ, ಸಂಕಟ ತಡೆಯಲಾರದೆ ನೆಲ ಕೆದರಿದವನಿಗೆ ಸಿಕ್ಕಿತು. ನೆಲ ಬಗೆದದ್ದು ವೈರಾಗ್ಯವಲ್ಲ, ಸಂಕಟ.

ಚಾಮರಸ ಹೇಳಿದ್ದು

ಚಾಮರಸನಿಗೆ ಈ ಸಂಕಟ ಬೇಡವಾಗಿದೆ. ಅವನ ಕತೆ ಕೈಲಾಸದಲ್ಲಿ ಶುರುವಾಗುತ್ತದೆ. ಮಾಯೆಗೆ ಸಿಲುಕದವರು ಇದ್ದಾರೆಯೆ ಎಂಬ ಮಾತು ಶಿವ ಪಾರ್ವತಿಯರ ನಡುವೆ ಪಂಥಕ್ಕೆ ತಿರುಗುತ್ತದೆ. ಪಾರ್ವತಿ ತನ್ನ ತಾಮಸ ಕಳೆಯನ್ನು ಭೂಮಿಗೆ ಕಳಿಸುತ್ತಾಳೆ. ಬನವಾಸಿಯ ಅರಸ ಮಮಕಾರ, ಅರಸಿ ಮೋಹಿನಿ. ಇವರ ಮಗಳಾಗಿ ಹುಟ್ಟುವವಳು ಮಾಯೆ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯೆ ಮನಸೋಲುತ್ತಾಳೆ. ಅವನು ಅವಳ ಜೊತೆಗೇ ಇದ್ದು ಅವಳ ಕೈಗೆ ಸಿಗುವುದಿಲ್ಲ. ಕೊನೆಗೆ ಹೊರಟೇ ಹೋಗುತ್ತಾನೆ.

ಹೆಂಡತಿ ಇಲ್ಲ, ಜ್ವರ ಇಲ್ಲ, ಸಾವಿಲ್ಲ. ಹರಿಹರ ಹೇಳಿದ ಕಮಲತೆ ಇದ್ದ ಜಾಗದಲ್ಲಿ ಒಂದು ತತ್ವ ಬಂದು ನಿಂತಿದೆ. ಇಡೀ ಕಾವ್ಯದ ಯೋಜನೆ ಸ್ಪಷ್ಟ: ಮಾಯೆ ಸೋಲಬೇಕು, ಪ್ರಭು ಗೆಲ್ಲಬೇಕು. ಓದುಗನಿಗೆ ಮೊದಲ ಗತಿಯಲ್ಲೇ ಫಲಿತಾಂಶ ತಿಳಿದಿರುತ್ತದೆ.

ಆದರೂ ಅರ್ಥವಾಗದ ಒಂದು ಸಂಗತಿ ಉಳಿಯುತ್ತದೆ. ಅಲ್ಲಮ ಕೈಬಿಟ್ಟು ಹೋದ ಮೇಲೆ ಮಾಯೆ ಪಡುವ ಪಾಡನ್ನು ಚಾಮರಸ ಎರಡು ಮಾತಿನಲ್ಲಿ ಮುಗಿಸಿಬಿಡಬಹುದಿತ್ತು, ಹಾಗೆ ಮಾಡುವುದಿಲ್ಲ. ಅವಳ ವಿರಹವನ್ನು ನಿಜವಾದ ಹೆಣ್ಣಿನ ವಿರಹದಂತೆ ಮನಸ್ಸಿಟ್ಟು ಬರೆಯುತ್ತಾನೆ. ಅವಳು ಬರೀ ತತ್ವವಾಗಿದ್ದರೆ ತತ್ವಕ್ಕೆ ಕಣ್ಣೀರು ಎಲ್ಲಿಂದ ಬಂತು? ಅವಳು ಸುಳ್ಳು ಎಂದು ತೋರಿಸಲು ಹೊರಟ ಕವಿ ಅವಳ ದುಃಖವನ್ನು ಯಾಕೆ ಇಷ್ಟು ನಿಜವಾಗಿ ಬರೆದ? ಈ ಟಿಪ್ಪಣಿಗಳೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿವೆ.

ಗುಣಗಳೇ ಪಾತ್ರಗಳಾದಾಗ

ಗುಣಗಳಿಗೆ ಮನುಷ್ಯರ ಮೈ ಕೊಟ್ಟು ಕತೆ ಕಟ್ಟುವುದು ನಮ್ಮಲ್ಲಿ ಬಹಳ ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಕೃಷ್ಣಮಿಶ್ರ ಸಂಸ್ಕೃತದಲ್ಲಿ ಪ್ರಬೋಧಚಂದ್ರೋದಯ ನಾಟಕ ಬರೆದ. ವಿವೇಕ ಒಬ್ಬ ರಾಜ, ಮಹಾಮೋಹ ಇನ್ನೊಬ್ಬ ರಾಜ, ಇಬ್ಬರ ನಡುವೆ ಯುದ್ಧ. ಇಂಗ್ಲೆಂಡಿನಲ್ಲಿ ಸೆರೆಮನೆಯ ವಾಸ ಕಂಡ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಕತೆಯಲ್ಲಿ ನಾಶಪುರದಿಂದ ಹೊರಟ ಯಾತ್ರಿಕನೊಬ್ಬ ಬೆನ್ನ ಮೇಲೆ ಹೊರೆ ಹೊತ್ತು ಸ್ವರ್ಗಪುರಿಗೆ ನಡೆಯುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಅದು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂತು.

ಬನ್ಯನ್ನನ ಪುಸ್ತಕದಲ್ಲಿ ದಾರಿಯಲ್ಲಿ ಸಿಗುವವರೆಲ್ಲ ಹೆಸರಿಗೆ ತಕ್ಕ ಹಾಗೆಯೇ ನಡೆಯುತ್ತಾರೆ. ಹಟಮಾರಿ ಹಟ ಮಾಡುತ್ತಾನೆ, ಅಜ್ಞಾನಿ ಕೊನೆಯವರೆಗೂ ಅಜ್ಞಾನಿ. ಸ್ವರ್ಗಪುರಿಯ ಬಾಗಿಲವರೆಗೆ ನಡೆದುಬಂದ ಆ ಅಜ್ಞಾನಿಯನ್ನು ಕೈಕಾಲು ಕಟ್ಟಿ ನರಕಕ್ಕೆ ತಳ್ಳುವುದರೊಂದಿಗೆ ಪುಸ್ತಕದ ಮೊದಲ ಭಾಗ ಮುಗಿಯುತ್ತದೆ. ಬನ್ಯನ್ನನ ಭಕ್ತಿ ದೊಡ್ಡದು, ಹೊರೆ ಹೊತ್ತವನ ಆಯಾಸವನ್ನು ಅವನಷ್ಟು ಚೆನ್ನಾಗಿ ಬರೆದವರು ಕಡಿಮೆ. ಆದರೆ ಅಷ್ಟು ದೂರ ಕಾಲು ಸವೆಸಿದವನನ್ನು ಬಾಗಿಲಿನಿಂದ ತಳ್ಳಿದ ಗಳಿಗೆಯಲ್ಲಿ ನನ್ನ ಮನಸ್ಸು ಪುಸ್ತಕದಿಂದ ಹೊರಗೆ ಬಂದು ಅವನ ಪಕ್ಕ ನಿಲ್ಲುತ್ತದೆ. ಆ ಹೊತ್ತಿಗೆ ಅರ್ಥ ಗೆದ್ದಿರುತ್ತದೆ. ಸತ್ಯವೂ ಗೆದ್ದಿತೇ ಎಂಬ ಅನುಮಾನ ಮಾತ್ರ ನನ್ನನ್ನು ಬಿಡುವುದಿಲ್ಲ.

ಗದ್ದೆಯ ಬದುವಿನಲ್ಲಿ ರಾಮಧಾನ್ಯ

ಸಾಣಾಪುರದ ಬಂಡೆಗುಡ್ಡಗಳ ನಡುವೆ ಕಣ್ಣು ಹಾಯಿಸಿದ ಕಡೆಯೆಲ್ಲ ಭತ್ತ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಎಡದಂಡೆ ಕಾಲುವೆ ಗಂಗಾವತಿ ಸೀಮೆಯನ್ನು ಭತ್ತದ ಕಣಜ ಮಾಡಿತು. ಅದಕ್ಕೂ ಮೊದಲು ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ನದಿಯಂಚಿನ ಗದ್ದೆಗಳಿಗೆ ನೀರುಣಿಸುತ್ತಿದ್ದವು. ಆನೆಗುಂದಿ ಕಾಲುವೆ ಅವುಗಳಲ್ಲೊಂದು, ಇಂದಿಗೂ ಹರಿಯುತ್ತಿದೆ. ಇದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಚಿತ್ರ ಬೇರೆ: ಎರೆ ಹೊಲ, ಮಸಾರಿ ಹೊಲ, ಜೋಳ, ಸಜ್ಜೆ, ಕಡಲೆ, ಮಳೆ ಬಂದರೆ ಬೆಳೆ. ಕಾಲುವೆ ಮುಟ್ಟಿದ ನೆಲಕ್ಕೂ ಮುಟ್ಟದ ನೆಲಕ್ಕೂ ನಡುವೆ ಗೆರೆ ಎಳೆದ ಹಾಗಿದೆ.

ಈ ಗೆರೆಯ ಮೇಲೆ ನಿಂತು ಕನಕದಾಸರ ರಾಮಧಾನ್ಯ ಚರಿತ್ರೆ ಓದಿದರೆ ಅದು ಐದು ಶತಮಾನ ಹಿಂದಿನ ಕಾವ್ಯ ಅನ್ನಿಸುವುದಿಲ್ಲ. ಲಂಕೆಯಿಂದ ಮರಳುವ ರಾಮ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಧಾನ್ಯದ ಅಡುಗೆ ಉಂಡ ಮೇಲೆ ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬರುತ್ತದೆ. ಗೌತಮ ಮುನಿ ನರೆದಲೆಗನನ್ನು, ಅಂದರೆ ರಾಗಿಯನ್ನು, ಮೇಲೆಂದಾಗ ವ್ರೀಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ಬರುತ್ತದೆ. ತುಂಬಿದ ಸಭೆಯಲ್ಲಿ ಎರಡೂ ಬೈದಾಡುತ್ತವೆ. ಭತ್ತ ತನ್ನ ಕುಲ, ಪೂಜೆಯ ಪಂಕ್ತಿಯಲ್ಲಿ ತನಗಿರುವ ಜಾಗ ಹೇಳಿಕೊಂಡು ರಾಗಿಯನ್ನು ಕೀಳು ಜನರ ಕೂಳು ಎಂದು ಜರೆಯುತ್ತದೆ. ಬಡವರನ್ನು ಕಣ್ಣೆತ್ತಿ ನೋಡದ, ಸತ್ತವರ ಬಾಯಿಗೆ ಬೀಳುವ ನಿನಗೆಂಥ ಗರ್ವ ಎಂದು ರಾಗಿ ತಿರುಗಿ ಕೇಳುತ್ತದೆ. ರಾಮ ತೀರ್ಪು ಕೊಡುವ ಅವಸರ ಮಾಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತೆಗೆದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ರಾಮ ರಾಗಿಗೆ ತನ್ನ ಹೆಸರನ್ನೇ ಕೊಡುತ್ತಾನೆ.

ಕನಕದಾಸರು ಬಾಡದಲ್ಲಿ ಹುಟ್ಟಿದವರು, ಕಾಗಿನೆಲೆಯ ಆದಿಕೇಶವನ ಭಕ್ತರು. ಗುರು ವ್ಯಾಸರಾಯರು ವಿಜಯನಗರದಲ್ಲಿದ್ದವರು. ಆ ಗುರುವಿನ ಬೃಂದಾವನ ಇರುವುದು ಸಾಣಾಪುರಕ್ಕೆ ಹತ್ತಿರದಲ್ಲೇ, ಆನೆಗುಂದಿಯ ನಡುಗಡ್ಡೆಯ ನವಬೃಂದಾವನದಲ್ಲಿ. ಪಂಕ್ತಿಭೇದವನ್ನು ಮೈಮೇಲೆ ಅನುಭವಿಸಿದ ಶಿಷ್ಯನೊಬ್ಬ ಮನುಷ್ಯರ ಬಾಯಲ್ಲಿ ಹೇಳಿಸಲು ಕಷ್ಟವಾದದ್ದನ್ನು ಕಾಳುಗಳ ಬಾಯಲ್ಲಿ ಹೇಳಿಸಿದ. ಇಷ್ಟು ಓದಿ ರಾಗಿ ಎಂದರೆ ಬಡವ, ಭತ್ತ ಎಂದರೆ ಶ್ರೀಮಂತ ಎಂದು ಲೆಕ್ಕ ಮುಗಿಸಬಹುದು. ಬಹಳ ಜನ ಮುಗಿಸುತ್ತಾರೆ ಕೂಡ.

ಕನಕದಾಸರು ಮಾತ್ರ ಅಲ್ಲಿಗೆ ಮುಗಿಸಲಿಲ್ಲ. ಸೋತು ತಲೆತಗ್ಗಿಸಿದ ಭತ್ತವನ್ನು ರಾಮ ಸಂತೈಸುತ್ತಾನೆ. ಲೋಕಕ್ಕೆ ಎರಡೂ ಬೇಕೆಂದು ಹೇಳಿ ಎರಡನ್ನೂ ಒಂದುಗೂಡಿಸುತ್ತಾನೆ. ಅವಮಾನ ಉಂಡವರ ಪರ ನಿಂತ ಕವಿ, ಅವಮಾನ ಮಾಡಿದವನಿಗೂ ಕೊನೆಯಲ್ಲಿ ಒಂದು ಮಣೆ ಹಾಕಿದ. ನನ್ನ ಪಾಲಿಗೆ ಕಾವ್ಯದ ಅಧ್ಯಾತ್ಮ ಸೆರೆಮನೆಯ ಪರೀಕ್ಷೆಗಿಂತ ಹೆಚ್ಚಾಗಿ ಈ ಮಣೆಯಲ್ಲಿದೆ.

ಹಗೇವಿನ ಮಾತು

ಈ ಕತೆಯನ್ನು ಊರಿನ ಹಿರಿಯ ರೈತರೊಬ್ಬರಿಗೆ ಹೇಳಿದೆ. ಗದ್ದೆಗೆ ನೀರು ಕಟ್ಟುತ್ತಿದ್ದವರು ಸಲಿಕೆ ಊರಿ ನಿಂತು ಪೂರ್ತಿ ಕೇಳಿದರು. ಆಮೇಲೆ ಅಂದರು: “ಚಲೋ ಐತ್ರೀ ಕತಿ. ಖರೇ, ಒಂದು ಮಾತು. ನೆಲ್ಲು ಹೊಟ್ಟು ಇರೂತನಕ ಆರು ತಿಂಗಳಿಗೆಲ್ಲ ಕೆಡಂಗಿಲ್ರೀ. ಅಕ್ಕಿ ಮಾಡಿದ ಮ್ಯಾಲ ನುಸಿ ಬೀಳ್ತೈತಿ.” ಅವರ ಅಜ್ಜನ ಕಾಲದಲ್ಲಿ ಮನೆ ಮುಂದೆ ಹಗೇವು ಇತ್ತಂತೆ. ನೆಲದೊಳಗೆ ತೋಡಿದ ಆ ಕಣಜದಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣೆಳೆದು, ಬರಗಾಲಕ್ಕೆಂದು ಇಡುತ್ತಿದ್ದರು. ತೆರೆಯುವ ದಿನ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರನ್ನೂ ಇಳಿಯಗೊಡುತ್ತಿರಲಿಲ್ಲ.

ರಾಗಿಯ ಕಾಳು ಸಣ್ಣದು, ಗಟ್ಟಿ. ಹುಳು ಸುಲಭಕ್ಕೆ ಹಿಡಿಯುವುದಿಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ರಾಮ ಇಡಿಸಿದ ಸೆರೆ ಕವಿಯ ಕಲ್ಪನೆ ಅಷ್ಟೇ ಅಲ್ಲ, ಒಕ್ಕಲಿಗರ ಬರಗಾಲದ ಅನುಭವವೂ ಅದರಲ್ಲಿದೆ. ಆದರೆ ರೈತರ ಆಕ್ಷೇಪವೂ ನ್ಯಾಯವಾದದ್ದೇ. ಹೊಟ್ಟಿನೊಳಗಿನ ಭತ್ತ ಅಷ್ಟು ಬೇಗ ಸೋಲುವಂಥದ್ದಲ್ಲ.

ಇಂಥ ಮಾತು ಕೇಳಿದ ಕೂಡಲೇ ಸಂಕೇತಕ್ಕೆ ಒಗ್ಗಿದ ಮನಸ್ಸು ಇನ್ನೊಂದು ಅರ್ಥ ಹೆಣೆಯಲು ಹೊರಡುತ್ತದೆ. ಹೊಟ್ಟು ಎಂದರೆ ಮರೆ, ಮರೆ ಕಳೆದುಕೊಂಡದ್ದಕ್ಕೆ ನುಸಿ, ನುಸಿ ಎಂದರೆ ಆಸೆ. ಹೀಗೆ ಏನನ್ನು ಬೇಕಾದರೂ ಏನಕ್ಕೆ ಬೇಕಾದರೂ ಹೊಂದಿಸಬಹುದು. ಹೊಂದಿಸುವುದು ಇಷ್ಟು ಸುಲಭವಾಗಿರುವುದರಿಂದಲೇ ಅದನ್ನು ಸತ್ಯದ ಗುರುತು ಎಂದು ನಂಬಲಾಗುತ್ತಿಲ್ಲ. ಅರ್ಥ ಹೊಂದಿತು ಎಂಬ ಸಂತೋಷವೇ ಬೇರೆ, ಕತೆ ನನ್ನನ್ನು ಬದಲಿಸಿತು ಎಂಬ ಅರಿವೇ ಬೇರೆ.

ವಾಲಿಯ ಊರು

ಇಲ್ಲಿಯವರಿಗೆ ಈ ಸೀಮೆಯೇ ಕಿಷ್ಕಿಂಧೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು ಹನುಮ ಹುಟ್ಟಿದ ನೆಲಕ್ಕೆ ಹಣೆ ಹಚ್ಚಲು ಬರುತ್ತಾರೆ. ತಿರುಮಲದ ಅಂಜನಾದ್ರಿಯೇ ಹನುಮನ ಜನ್ಮಸ್ಥಳ ಎಂದು 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನಂ (ಟಿಟಿಡಿ) ಹೇಳಿದಾಗ ಇಲ್ಲಿಯವರಿಗೆ ನೋವಾಯಿತು. ನನಗೆ ಆ ನೋವು ಅರ್ಥವಾಗುತ್ತದೆ. ಕತೆಯನ್ನು ಸಂಕೇತವಾಗಿ ಓದುವವರಿಗೆ ಊರು ಯಾವುದಾದರೂ ನಡೆದೀತು. ಕತೆಯೊಳಗೇ ಮನೆ ಕಟ್ಟಿಕೊಂಡವರಿಗೆ ಹಾಗಲ್ಲ. ಪಂಪಾಸರೋವರ ಇಲ್ಲಿದೆ, ವಾಲಿಯ ಹೆಸರಿನ ಕೋಟೆ ಇಲ್ಲಿದೆ, ನದಿಯಾಚೆ ಮತಂಗ ಪರ್ವತ ಕಾಣುತ್ತದೆ. ಮತಂಗ ಮುನಿಯ ಶಾಪಕ್ಕೆ ಹೆದರಿ ವಾಲಿ ಕಾಲಿಡದ, ಸುಗ್ರೀವ ಜೀವ ಉಳಿಸಿಕೊಂಡ ನೆಲ ಅದು.

ನದಿಯಲ್ಲಿ ಬಟ್ಟೆ ಸೆಣೆಯುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ವಾಲಿಯ ಕೋಟೆಗೆ ದಾರಿ ಕೇಳಿದೆ. ದಾರಿ ತೋರಿಸಿ ಅಂದರು: “ಪಾಪ, ಭಾಳ ಶಕ್ತಿವಂತ ಇದ್ದನ್ರೀ ವಾಲಿ. ಮರಿಗೆ ನಿಂತು ಹೊಡದ್ರು.” ಆ ಮಾತಿನಲ್ಲಿ ರಾಮನ ಮೇಲೆ ದೂರಿರಲಿಲ್ಲ. ಸತ್ತವನು ನೆರೆಮನೆಯವನೇನೋ ಎಂಬಂಥ ಮರುಕ ಇತ್ತು.

ವಾಲಿಯನ್ನು ಕವಿಗಳು ಒಂದೇ ರೀತಿ ನೋಡಿಲ್ಲ. ವಾಲ್ಮೀಕಿಯಲ್ಲಿ ಬಾಣ ತಿಂದ ವಾಲಿ ರಾಮನನ್ನು ಕಟುವಾಗಿ ಪ್ರಶ್ನಿಸುತ್ತಾನೆ, ರಾಮ ಧರ್ಮದ ಮಾತು ಹೇಳುತ್ತಾನೆ, ವಾಲಿ ಮಗ ಅಂಗದನನ್ನು ಅವನ ಕೈಗೊಪ್ಪಿಸಿ ಕಣ್ಮುಚ್ಚುತ್ತಾನೆ. ಜೈನ ಪರಂಪರೆಯಲ್ಲಿ ರಾಮಾಯಣ ಬರೆದ ನಾಗಚಂದ್ರನಲ್ಲಿ ವಾನರರು ಮಂಗಗಳಲ್ಲ, ಕಪಿಯನ್ನು ಧ್ವಜದಲ್ಲಿ ಹೊತ್ತ ವಿದ್ಯಾಧರರು. ಆ ಪರಂಪರೆಯ ವಾಲಿ ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ಪಡೆದ ಮುನಿ. ಕೊಪಣವೆಂದು ಹೆಸರಾಗಿದ್ದ ಇದೇ ಕೊಪ್ಪಳ ಒಂದು ಕಾಲಕ್ಕೆ ಜೈನರ ದೊಡ್ಡ ತೀರ್ಥವಾಗಿತ್ತು ಎಂಬುದನ್ನು ನೆನೆದರೆ, ವಾಲಿ ಬಿದ್ದ ಕತೆಯೂ ವಾಲಿ ಬಿಟ್ಟುಕೊಟ್ಟ ಕತೆಯೂ ಈ ಸೀಮೆಯ ಗಾಳಿಯಲ್ಲಿ ಒಟ್ಟಿಗೇ ಇದ್ದಿರಬೇಕು ಅನ್ನಿಸುತ್ತದೆ. 1949ರಲ್ಲಿ ಬಂದ ಶ್ರೀರಾಮಾಯಣ ದರ್ಶನಂನಲ್ಲಿ ಕುವೆಂಪು ಇನ್ನೂ ಮುಂದೆ ಹೋದರು. ಅಲ್ಲಿ ರಾಮನೇ ತಾನು ಮಾಡಿದ್ದು ತಪ್ಪೆಂದು ನೊಂದುಕೊಳ್ಳುತ್ತಾನೆ. ಕುವೆಂಪು ತಮ್ಮ ಕಾವ್ಯವನ್ನು ನಡೆದದ್ದರ ವರದಿಯಾಗಿ ಬರೆಯಲಿಲ್ಲ, ಆತ್ಮದ ವಿಕಾಸದ ಕತೆಯಾಗಿ ಬರೆದರು. ಆ ವಿಕಾಸಕ್ಕೆ ರಾಮನ ಪಶ್ಚಾತ್ತಾಪ ಬೇಕೇ ಬೇಕು ಎಂದು ಅವರಿಗೆ ಕಂಡಿತು.

ಬಟ್ಟೆ ಸೆಣೆಯುತ್ತಿದ್ದ ತಾಯಿಗೂ ಕುವೆಂಪುಗೂ ಕಂಡದ್ದು ಒಂದೇ. ಬಿದ್ದವನನ್ನು ದಾಟಿಕೊಂಡು ಹೋಗುವ ಕತೆ ಅಪೂರ್ಣ.

ಹಾಡಿದ ಮೇಲೆ

ಊರಿನ ಭಜನೆಗೆ ಕರೆದಿದ್ದರು. ಏಕತಾರಿ, ತಾಳ, ಹಾರ್ಮೋನಿಯಂ. ಶಿಶುನಾಳ ಶರೀಫರ ಪದಗಳೇ ಹೆಚ್ಚು. 1819ರಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, 1889ರಲ್ಲಿ ತೀರಿಕೊಂಡ ಶರೀಫರು ಮನೆ, ಮಳೆ, ಸಂತೆ, ಗಿರಣಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ತತ್ವವಾಗಿಸಿ ಹಾಡಿದವರು. ಅವರಿಗಿಂತ ಮೊದಲು ಕನಕದಾಸರ ಮುಂಡಿಗೆಗಳು, ಅದಕ್ಕೂ ಮೊದಲು ಅಲ್ಲಮನ ಬೆಡಗಿನ ವಚನಗಳು. ಹೊರಗಿನಿಂದ ನೋಡಿದರೆ ಎಲ್ಲವೂ ಒಗಟು. ವಿಜಯನಗರದ ಕಾಲದಲ್ಲಿ ಬೆಡಗಿನ ವಚನಗಳಿಗೆ ಟೀಕೆ ಬರೆಯುವ ದೊಡ್ಡ ಕೆಲಸ ನಡೆಯಿತು. ಒಂದೊಂದು ಚಿತ್ರಕ್ಕೂ ಒಂದೊಂದು ತತ್ವ ಹೇಳಿದರು. ಆ ಟೀಕೆಗಳು ಇಲ್ಲದಿದ್ದರೆ ಎಷ್ಟೋ ವಚನಗಳ ಬಾಗಿಲು ನಮಗೆ ತೆರೆಯುತ್ತಿರಲಿಲ್ಲ.

ಏಕತಾರಿ ಹಿಡಿದ ಹಿರಿಯರನ್ನು ಮನೆಯ ಕುರಿತ ಒಂದು ಪದದ ಅರ್ಥ ಕೇಳಿದೆ. “ನೀವೂ ಒಂದು ಸರ್ತಿ ದನಿ ಕೂಡಿಸ್ರಿ. ಆಮ್ಯಾಲ ಮಾತಾಡೋಣು” ಅಂದರು. ದನಿ ಕೂಡಿಸಿದೆ. ಪಲ್ಲವಿ ತಿರುತಿರುಗಿ ಬರುವಾಗ ಒಗಟು ಬಿಡಿಸುವ ಆತುರ ತಗ್ಗಿತು. ಪದದೊಳಗಿನ ಮನೆ ಯಾರದೋ ಮನೆಯಾಗಿ ಉಳಿಯಲಿಲ್ಲ. ಮುಗಿದ ಮೇಲೆ ಅವರು ಅರ್ಥವನ್ನೂ ಹೇಳಿದರು, ಸವಿಸ್ತಾರವಾಗಿ, ದೇಹದ ಒಂಬತ್ತು ಬಾಗಿಲಿನಿಂದ ಹಿಡಿದು. ಅರ್ಥ ಬೇಡವೆಂದು ಅವರೂ ಹೇಳಲಿಲ್ಲ, ನಾನೂ ಹೇಳುತ್ತಿಲ್ಲ. ಅವರ ಕ್ರಮ ಮಾತ್ರ ನನಗೆ ಪಾಠವಾಯಿತು: ಮೊದಲು ಕತೆಯೊಳಗೆ ವಾಸ, ಆಮೇಲೆ ಅರ್ಥ.

ದೂರದಿಂದ ಬಂದ ಪುಸ್ತಕ

ಸಾಣಾಪುರದ ಕೆರೆಯಲ್ಲಿ ತೆಪ್ಪದ ಸವಾರಿಗೆ, ಬಂಡೆ ಹತ್ತುವುದಕ್ಕೆ ಬರುವ ಪ್ರವಾಸಿಗಳು ಬಹಳ. ಅವರಲ್ಲಿ ಹಲವರ ಚೀಲದಲ್ಲಿ ಹರ್ಮನ್ ಹೆಸ್ಸೆ ಬರೆದ ‘ಸಿದ್ಧಾರ್ಥ’ ಇರುತ್ತದೆ. 1922ರ ಜರ್ಮನ್ ಪುಸ್ತಕ. ಇದನ್ನು ಹೊರಗಿನವರ ಪುಸ್ತಕ ಎಂದು ಬದಿಗಿಡಲಾಗದು. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಮಲಯಾಳದ ದೊಡ್ಡ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್. ಹೆಸ್ಸೆಯ ತಂದೆ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಕೆಲಸ ಮಾಡಿದವರು. ಅದೇ ಮಿಷನ್ನಿನ ಹರ್ಮನ್ ಮ್ಯೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು, ದಾಸರ ಪದಗಳನ್ನು ಅಚ್ಚಿಗೂ ತಂದರು.

ಹೆಸ್ಸೆಯ ಸಿದ್ಧಾರ್ಥ ಬುದ್ಧನಲ್ಲ. ಬುದ್ಧನನ್ನು ಕಂಡು, ಕೈಮುಗಿದು, ಈ ಅರಿವನ್ನು ಉಪದೇಶದಿಂದ ಪಡೆಯಲಾಗದು ಎಂದು ಹೊರಟುಬಿಡುವ ಬ್ರಾಹ್ಮಣ ಹುಡುಗ. ಕೊನೆಗೆ ನದಿ ದಾಟಿಸುವ ಅಂಬಿಗ ವಾಸುದೇವನ ಜೊತೆ ಇದ್ದುಬಿಡುತ್ತಾನೆ. ಪ್ರವಾಸಿಗಳು ನದಿಯ ಮಾತುಗಳಿಗೆ ಗೆರೆ ಹಾಕಿಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಭಾಗ. ಸಿದ್ಧಾರ್ಥನ ಮಗ ತಂದೆಯನ್ನು ದ್ವೇಷಿಸಿ ಓಡಿಹೋಗುತ್ತಾನೆ. ಎಲ್ಲವನ್ನೂ ಬಿಟ್ಟವನು ಮಗನನ್ನು ಬಿಡಲಾರದೆ ಹಿಂಬಾಲಿಸುತ್ತಾನೆ. ಆ ಗಾಯ ಮಾಗಲು ವರ್ಷಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಅವನು ಹೆಂಡತಿ ಮಕ್ಕಳೆಂದು ಹಂಬಲಿಸುವ ಸಾಮಾನ್ಯ ಜನರನ್ನು ಮೇಲಿನಿಂದ ನೋಡುತ್ತಿದ್ದ. ಗಾಯವಾದ ಮೇಲೆ ಅವರೆಲ್ಲ ಅಣ್ಣತಮ್ಮಂದಿರಾಗಿ ಕಾಣುತ್ತಾರೆ. ನದಿಯ ಪಾಠ ಪೂರ್ತಿಯಾಗುವುದು ಇದಾದ ಮೇಲೆಯೇ.

ಇಲ್ಲಿ ನನಗೆ ಹರಿಹರನ ಅಲ್ಲಮ ನೆನಪಾಗುತ್ತಾನೆ. ಹೆಸ್ಸೆ ಅವನ ಕತೆ ಓದಿರಲಾರ. ಆದರೂ ಎರಡರಲ್ಲೂ ಬಾಗಿಲು ತೆರೆದದ್ದು ಪ್ರೀತಿಪಾತ್ರರು ಕೈತಪ್ಪಿ ಹೋದಾಗ.

ಸೋತವಳು ಮತ್ತೆ ಬಂದದ್ದು

ಈಗ ಚಾಮರಸನಲ್ಲಿಗೆ. ಸೋತ ಮಾಯೆ ಕೈಲಾಸಕ್ಕೆ ಮರಳುತ್ತಾಳೆ. ಪಾರ್ವತಿ ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ತನ್ನ ಸಾತ್ವಿಕ ಕಳೆಯನ್ನು ಭೂಮಿಗೆ ಕಳಿಸುತ್ತಾಳೆ. ಆ ಕಳೆ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ. ಅಕ್ಕ ಅರಮನೆ ಬಿಟ್ಟು, ಕಲ್ಯಾಣಕ್ಕೆ ನಡೆದುಬಂದು, ಶರಣರ ಎದುರು ನಿಲ್ಲುತ್ತಾಳೆ.

ಇದನ್ನು ಬಹಳ ಕಾಲ ಎರಡು ಬೇರೆ ಕತೆಗಳೆಂದು ಓದುತ್ತಿದ್ದೆ. ಸೋತ ಹೆಣ್ಣಿನದು ಒಂದು, ಗೆದ್ದ ಹೆಣ್ಣಿನದು ಇನ್ನೊಂದು. ಸಾಣಾಪುರದಲ್ಲಿ ರಾಮ ಭತ್ತವನ್ನು ಸಂತೈಸಿದ್ದು, ಕುವೆಂಪು ವಾಲಿಯ ಮುಂದೆ ರಾಮನನ್ನು ತಲೆತಗ್ಗಿಸಿ ನಿಲ್ಲಿಸಿದ್ದು, ಎರಡನ್ನೂ ಜೊತೆಗಿಟ್ಟು ನೋಡಿದ ಮೇಲೆ ಹಾಗೆ ಓದಲು ಆಗುತ್ತಿಲ್ಲ. ಮಾಯೆಯೂ ಅಕ್ಕನೂ ಒಬ್ಬ ತಾಯಿಯಿಂದಲೇ ಇಳಿದವರು. ಒಲಿದವನನ್ನು ಹಿಡಿಯಲಾರದೆ ಅತ್ತ ಹಂಬಲವೇ ರೂಪ ಬದಲಿಸಿಕೊಂಡು ಚೆನ್ನಮಲ್ಲಿಕಾರ್ಜುನನನ್ನು ಅರಸುವ ಹಂಬಲವಾಗಿ ಕಲ್ಯಾಣಕ್ಕೆ ಬಂದಿದೆ. ಮಾಯೆಯ ದುಃಖ ಬರೀ ನಟನೆಯಾಗಿದ್ದರೆ ಅಕ್ಕನ ಹಂಬಲಕ್ಕೆ ಬೇರು ಇರುತ್ತಿರಲಿಲ್ಲ. ಚಾಮರಸ ಮಾಯೆ ನಿಜವಾಗಿ ಅಳುವಂತೆ ಮಾಡಿದ್ದು ಇದಕ್ಕೇ ಇರಬೇಕು ಎಂಬುದು ನನ್ನ ಈಗಿನ ಊಹೆ.

ಸಂಕೇತದ ಕತೆಯಲ್ಲಿ ಯಾರೋ ಒಬ್ಬರು ಸೋಲಲೇಬೇಕು. ಅವರು ಸೋಲದಿದ್ದರೆ ಅರ್ಥ ನಿಲ್ಲುವುದಿಲ್ಲ. ಮಾಯೆ ಸೋಲಬೇಕು, ಭತ್ತ ಸೋಲಬೇಕು, ವಾಲಿ ಬೀಳಬೇಕು, ಬನ್ಯನ್ನನ ಅಜ್ಞಾನಿ ಬಾಗಿಲಿನಿಂದ ತಿರುಗಬೇಕು. ಹಾಗೆ ಸೋತವರ ಕಡೆಗೆ ಕತೆ ಮತ್ತೊಮ್ಮೆ ತಿರುಗಿ ನೋಡುತ್ತದೆಯೇ ಎಂಬುದನ್ನು ನಾನೀಗ ಮೊದಲು ನೋಡುತ್ತೇನೆ. ತಿರುಗಿ ನೋಡಿದ ಕತೆ ನನ್ನನ್ನೂ ತಿರುಗಿ ನೋಡುವಂತೆ ಮಾಡುತ್ತದೆ. ತಿರುಗದ ಕತೆ ಎಷ್ಟೇ ಉನ್ನತ ತತ್ವ ಹೇಳಿದರೂ ಪಾಠವಾಗಿ ಉಳಿಯುತ್ತದೆ, ದರ್ಶನವಾಗುವುದಿಲ್ಲ.

ಇನ್ನೂ ಬಗೆಹರಿಯದ್ದು ಹರಿಹರನ ಕಮಲತೆ. ಅವಳು ಯಾವ ರೂಪದಲ್ಲೂ ಮರಳಿ ಬರುವುದಿಲ್ಲ. ಅವಳ ಸಾವಿನಿಂದ ಅಲ್ಲಮನಿಗೆ ಗುಡಿ ಸಿಕ್ಕಿತು, ಅವಳಿಗೆ ಏನು ಸಿಕ್ಕಿತು? ಹರಿಹರ ಹೇಳುವುದಿಲ್ಲ. ಇನ್ನೂರು ವರ್ಷದ ಮೇಲೆ ಚಾಮರಸ ಆ ಜಾಗಕ್ಕೆ ಮಾಯೆಯನ್ನು ತಂದದ್ದು ಕಮಲತೆಯನ್ನು ಮರೆಸಲಿಕ್ಕೋ, ಅವಳ ಪರವಾಗಿ ಅಳಲಿಕ್ಕೋ? ಇದನ್ನು ತಿಳಿಯಲು ಎರಡೂ ಕಾವ್ಯಗಳನ್ನು ಮತ್ತೆ ಓದಬೇಕು, ಈ ಸಲ ಅಲ್ಲಮನ ಹಿಂದೆ ಹೋಗದೆ, ಅವನು ಬಿಟ್ಟು ಹೋದವರ ಜೊತೆ ನಿಂತು.